ಹಳೇ ಪಿಕಪ್ಪಿಗೆ ಮರುಜೀವ: ಮೊದಲು ನಿಲ್ಲಲಿ, ಆಮೇಲೆ ಓಡಲಿ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ತಿರುಗಾಡಿದರೆ ಅಲ್ಲಲ್ಲಿ ಕೊಟ್ಟಿಗೆಯ ಹಿಂದೆ ಒಂದು ಹಳೇ ಜೀಪೋ, ಪಿಕಪ್ಪೋ, ಮೆಟಡೋರೋ ತುಕ್ಕು ಹಿಡಿದು ನಿಂತಿರುವುದು ಕಾಣುತ್ತದೆ. ಸೀಟಿನ ಮೇಲೆ ಕೋಳಿ ಮೊಟ್ಟೆ ಇಟ್ಟಿರುತ್ತದೆ. ಗುಜರಿಯವನು ಅದನ್ನು ಕಿಲೋ ಲೆಕ್ಕದಲ್ಲಿ ಕೇಳುತ್ತಾನೆ. ಮನೆಯ ಹುಡುಗರು ಅದನ್ನು ರೇಸಿನ ಲೆಕ್ಕದಲ್ಲಿ ನೋಡುತ್ತಾರೆ. ಈ ಎರಡರ ನಡುವೆ ರೈತನ ಲೆಕ್ಕ ಅಂತ ಒಂದಿದೆ. ಆ ಲೆಕ್ಕವನ್ನು ನಿಮ್ಮ ಮುಂದೆ ಇಡುವುದಕ್ಕೇ ಈ ಬರಹ.

ನಮ್ಮ ಮನೆಯ ಮಹೀಂದ್ರ ಪಿಕಪ್ 1987ರದು. ಮುಂದೆ ಜೀಪಿನ ಮುಖ, ಹಿಂದೆ ಕಬ್ಬಿಣದ ತೊಟ್ಟಿ. ಅಪ್ಪ ಕೊಂಡದ್ದು. ಇಪ್ಪತ್ತೈದು ವರ್ಷ ತೊಗರಿ, ಜೋಳ, ಹೆಸರು, ಗೊಬ್ಬರ, ಕುರಿ, ಪರಸಿ ಕಲ್ಲು, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತಿತು. 2012ರಲ್ಲಿ ರೇಡಿಯೇಟರ್ ಸೋರಿ, ಬ್ರೇಕ್ ಸತ್ತು, ಬೇವಿನ ಮರದ ಕೆಳಗೆ ನಿಂತದ್ದು ನಿಂತೇ ಇತ್ತು.

2022-23ರ ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದದ್ದು ಈ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ನಮ್ಮ ಎಂಟು ಎಕರೆಯಲ್ಲಿ ಅರ್ಧಕ್ಕರ್ಧ ಒಣಗಿತು. ಉಳಿದ ತೊಗರಿಯನ್ನು ಸೇಡಂ ಮಾರುಕಟ್ಟೆಗೆ ಒಯ್ಯಲು ಬಾಡಿಗೆ ಗಾಡಿ, ಗೊಬ್ಬರ ತರಲು ಬಾಡಿಗೆ ಗಾಡಿ, ಕುರಿ ಸಂತೆಗೂ ಬಾಡಿಗೆ ಗಾಡಿ. ಹೊಸ ಪಿಕಪ್ಪಿಗೆ ಎಂಟು-ಹತ್ತು ಲಕ್ಷ ಬೇಕು. ನೆಟೆ ಬಿದ್ದ ವರ್ಷ ಆ ಮಾತು ಬಾಯಲ್ಲಿ ಬರುವಂಥದ್ದಲ್ಲ. ಆಗ ಬೇವಿನ ಮರದ ಕಡೆ ಎಲ್ಲರ ಕಣ್ಣು ಹೋಯಿತು.

ಅಣ್ಣನ ಮಗ ಡಿಪ್ಲೊಮಾ ಓದಿದವನು. ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಅವನ ಫೋನಿನ ತುಂಬ ಅಮೆರಿಕದ ಹಳೇ ಪಿಕಪ್ಪುಗಳ ಚಿತ್ರ.

“ಕಾಕಾ, ಇದಕ್ಕ ಟರ್ಬೊ ಎಂಜಿನ್ ಹಾಕೂಣು. ರಸ್ತೆಗೂ ಆಗ್ತದ, ಡ್ರ್ಯಾಗ್ ರೇಸಿಗೂ ಆಗ್ತದ.”

“ತೊಗರಿ ಚೀಲಕ್ಕ?”

“ಅದಕ್ಕೂ ಆಗ್ತದ ಬಿಡ್ರಿ.”

ಮೂರಕ್ಕೂ ಆಗುವ ಗಾಡಿ ಇದೆಯೇ? ಎರಡು ವರ್ಷದ ಕೆಲಸದಲ್ಲಿ ನಮಗೆ ಸಿಕ್ಕ ಉತ್ತರ ಇಷ್ಟು: ಹಳೇ ಗಾಡಿ ಮೊದಲು ನಿಲ್ಲಬೇಕು, ಆಮೇಲೆ ಜಗ್ಗಬೇಕು, ಕೊನೆಗೆ ಓಡಬೇಕು. ದುಡ್ಡು ಈ ಕ್ರಮದಲ್ಲಿಯೇ ಖರ್ಚಾಗಬೇಕು. ಕ್ರಮ ತಪ್ಪಿದರೆ ದುಡ್ಡೂ ಹೋಗುತ್ತದೆ, ಜೀವಕ್ಕೂ ಕುತ್ತು.

ಗಾಡಿಯ ಕುಲ ತಿಳಿಯಬೇಕು

ಎತ್ತು ಕೊಳ್ಳುವಾಗ ತಳಿ ನೋಡುತ್ತೇವೆ. ಹಳೇ ಗಾಡಿಗೂ ಅದೇ ಮಾತು. ಕುಲ ಗೊತ್ತಿದ್ದರೆ ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾರ ಕೈಯಲ್ಲಿ ರಿಪೇರಿ ಆಗುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಮಹೀಂದ್ರದವರು ಅಮೆರಿಕದ ವಿಲ್ಲೀಸ್ ಕಂಪನಿಯ ಜೀಪನ್ನು 1940ರ ದಶಕದ ಕೊನೆಯಲ್ಲಿ ನಮ್ಮ ದೇಶಕ್ಕೆ ತಂದು ಜೋಡಿಸತೊಡಗಿದರು. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದರು. ಅದರಿಂದ ಬಂದದ್ದೇ ಬಿ-275 ಟ್ರ್ಯಾಕ್ಟರ್. ಹಿರಿಯರಿಗೆ ಅದರ ಸದ್ದು ಈಗಲೂ ಕಿವಿಯಲ್ಲಿರಬೇಕು. ಆ ಟ್ರ್ಯಾಕ್ಟರಿನ ನಾಲ್ಕು ಸಿಲಿಂಡರಿನ, ಸುಮಾರು 2350 ಸಿಸಿಯ ಡೀಸೆಲ್ ಎಂಜಿನ್ನಿನ ಕುಲದ್ದನ್ನೇ ಮುಂದೆ ಜೀಪಿಗೂ ಕೂಡಿಸಿದರು. 1980ರ ದಶಕದಲ್ಲಿ ಫ್ರಾನ್ಸಿನ ಪೂಜೊ ಕಂಪನಿಯ 2112 ಸಿಸಿ ಡೀಸೆಲ್ ಎಂಜಿನ್ ಬಂತು. 1988ರಲ್ಲಿ ಟಾಟಾದವರ ಟಾಟಾಮೊಬೈಲ್ ಪಿಕಪ್ ಬಂತು, 2005ರಲ್ಲಿ ಟಾಟಾ ಏಸ್ ಬಂತು. ಏಸ್ ಬಂದ ಮೇಲೆ ಹಳೇ ಜೀಪುಮುಖದ ಪಿಕಪ್ಪುಗಳು ಒಂದೊಂದಾಗಿ ಮೂಲೆ ಸೇರಿದವು.

ನಮ್ಮ ಪಿಕಪ್ಪಿನಲ್ಲಿ ಇದ್ದದ್ದು ಟ್ರ್ಯಾಕ್ಟರ್ ಕುಲದ ಎಂಜಿನ್. ಇದರಿಂದ ದೊಡ್ಡ ಲಾಭವಾಯಿತು. ಸೇಡಂನಲ್ಲಿ ಟ್ರ್ಯಾಕ್ಟರ್ ಬಿಚ್ಚುವ ಮೇಸ್ತ್ರಿ ಇದನ್ನೂ ಬಿಚ್ಚಬಲ್ಲ. ಶಹಾಬಾದ್, ವಾಡಿ ಕಡೆ ಕಾರ್ಖಾನೆಗಳಿರುವುದರಿಂದ ಲೇತ್ ಕೆಲಸ ಬಲ್ಲವರಿಗೆ ಬರವಿಲ್ಲ. ಸಿಗದ ಭಾಗಕ್ಕೆ ಹೈದರಾಬಾದ್ ಹತ್ತಿರ, ಬೆಂಗಳೂರಿನ ಜೆ.ಸಿ. ರಸ್ತೆ ದೂರ. ಹರಿಯಾಣದ ಮಂಡಿ ಡಬ್ವಾಲಿ ಎಂಬ ಊರು ಹಳೇ ಜೀಪುಗಳನ್ನು ಹೊಸದಾಗಿ ಕಟ್ಟುವುದಕ್ಕೇ ಹೆಸರಾದದ್ದು. ಜೀಪಿನ ಭಾಗ ಇನ್ನೂ ತಯಾರಾಗುತ್ತಿರುವುದಕ್ಕೆ ಅಂಥ ಊರುಗಳೂ ಒಂದು ಕಾರಣ.

ಅಮೆರಿಕದ ಕಥೆಯೂ ಬೇರೆಯಲ್ಲ. ಹುಡುಗ ತೋರಿಸುವ ಷೆವರ್ಲೆ ಸಿ-10, ಫೋರ್ಡ್ ಎಫ್-100 ಎಲ್ಲ ಒಂದು ಕಾಲಕ್ಕೆ ಅಲ್ಲಿನ ರೈತರು ಹುಲ್ಲು, ಜೋಳ, ದನ ಹೇರಿದ ಗಾಡಿಗಳೇ. ಈಗ ಅವನ್ನು ಕೊಟ್ಟಿಗೆಯಿಂದ ಎಳೆದು ತಂದು, ಹೊಸ ಎಂಜಿನ್ ಹಾಕಿ, ವಾರವಿಡೀ ರಸ್ತೆಯಲ್ಲಿ ಓಡಿಸಿ, ರಜೆ ದಿನ ರೇಸಿಗೆ ಒಯ್ಯುತ್ತಾರೆ. ಆದರೆ ಚಿತ್ರದಲ್ಲಿ ಬಣ್ಣ ಮತ್ತು ಹೊಗೆ ಕಾಣುತ್ತದೆ. ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಹಾಕಿದ್ದು, ಚಾಸಿಗೆ ಬಲ ಕೊಟ್ಟಿದ್ದು ಕಾಣುವುದಿಲ್ಲ.

ಪಾನಾ ಹಿಡಿಯುವ ಮೊದಲು ಕಾಗದ

ಮೊದಲ ಕೆಲಸ ಟ್ರಂಕಿನಲ್ಲಿ. ಆರ್‌ಸಿ ಪುಸ್ತಕ, ತೆರಿಗೆ ರಸೀದಿ, ಹಳೇ ವಿಮೆ ಹುಡುಕಿ ತೆಗೆಯಿರಿ. ಅಪ್ಪ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟಿದ್ದರು. ಆಮೇಲೆ ಚಾಸಿಯ ಮೇಲಿನ ನಂಬರನ್ನು ಸೀಮೆಎಣ್ಣೆಯಿಂದ ತೊಳೆದು, ಸೀಮೆಸುಣ್ಣ ಉಜ್ಜಿ ಓದಿ, ಆರ್‌ಸಿ ಜೊತೆ ತಾಳೆ ನೋಡಿದೆವು. ಎಂಜಿನ್ ನಂಬರ್ ಕೂಡ. ಎರಡೂ ಕೂಡಿದ ಮೇಲೆಯೇ ಮುಂದಿನ ಮಾತು. ಕಾಗದವಿಲ್ಲದ ಗಾಡಿಗೆ ಲಕ್ಷ ಸುರಿದರೂ ಅದು ರಸ್ತೆಗೆ ಬರುವುದಿಲ್ಲ.

ನಂಬರ್ ಕೂಡಿದರೂ ಗಾಡಿ ಮೊದಲಿದ್ದಂತೆಯೇ ಇರಬೇಕು ಎಂಬುದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಖಚಿತವಾಗಿ ಹೇಳಿತು. ಎಂಜಿನ್ ಬದಲಿಸಬೇಕಾದರೆ ಮೊದಲು ಆರ್‌ಟಿಒ ಒಪ್ಪಿಗೆ ಬೇಕು, ಆಮೇಲೆ ಹೊಸ ನಂಬರ್ ಆರ್‌ಸಿಯಲ್ಲಿ ಬರಬೇಕು. ಬರೆಸದೆ ಎಂಜಿನ್ ಬದಲಿಸಿ ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತಬಹುದು. ಎದುರಿನವರಿಗೆ ಪರಿಹಾರ ಕೊಡಲು ಆಗ ಹೊಲವೇ ಮಾರಬೇಕಾದೀತು.

“ಹಂಗಾದರ ವಿಂಟೇಜ್ ಅಂತ ಬರೆಸೂಣು” ಅಂದ ಹುಡುಗ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮವನ್ನು ತೆಗೆದು ನೋಡಿದೆವು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ ಅದು ಅನ್ವಯ. 20,000 ರೂಪಾಯಿ ಶುಲ್ಕ, ‘ವಿಎ’ ಎಂಬ ಅಕ್ಷರವಿರುವ ನಂಬರ್. ಆದರೆ ನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಆ ಗಾಡಿಯನ್ನು ಬಳಸುವಂತಿಲ್ಲ. ತೊಗರಿ ಹೇರಲಾಗದ ಪಿಕಪ್ ನಮಗ್ಯಾಕೆ?

2021ರಲ್ಲಿ ಬಂದ ಗುಜರಿ ನೀತಿ ಕೇಳಿ ಹಲವರು ಗಾಬರಿಯಾಗಿದ್ದಾರೆ. ಆ ನೀತಿ ನೋಡುವುದು ಗಾಡಿ ತಪಾಸಣೆಯಲ್ಲಿ ಪಾಸಾಗುತ್ತದೋ ಇಲ್ಲವೋ ಎಂಬುದನ್ನು. ಆದರೆ ವಯಸ್ಸಾದಂತೆ ಶುಲ್ಕ ಏರುತ್ತದೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಗಾಡಿಗಳ ಶುಲ್ಕ ಹೆಚ್ಚಾಯಿತು, ಆಮೇಲೆ 20 ವರ್ಷ ದಾಟಿದವಕ್ಕೆ ಮತ್ತೂ ಏರಿತು. ಜೊತೆಗೆ ಹಸಿರು ತೆರಿಗೆ. ಸರಕು ಗಾಡಿ ಎಂದು ನೋಂದಣಿಯಾಗಿದ್ದರೆ ಒಂದು ದರ, ಸ್ವಂತದ ಗಾಡಿಯಾಗಿದ್ದರೆ ಇನ್ನೊಂದು. ಕಲಬುರಗಿ ಕಚೇರಿಯಲ್ಲಿ ನೀವೇ ಹೋಗಿ ಕೇಳಿ, ಲೆಕ್ಕ ಬರೆದುಕೊಂಡು ಬನ್ನಿ. ಏಜೆಂಟರ ಬಾಯಿಲೆಕ್ಕ ಬ್ಯಾಡ.

ಮೊದಲು ನಿಲ್ಲಬೇಕು

ಹಳೇ ಜೀಪು, ಪಿಕಪ್ಪುಗಳ ಬ್ರೇಕಿಗೆ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ದಾರಿ. ನಾಲ್ಕು ಗಾಲಿಯಲ್ಲಿ ಎಲ್ಲೇ ಒಂದು ಕಡೆ ಸೋರಿದರೂ ನಾಲ್ಕೂ ಬ್ರೇಕ್ ಹೋದಂತೆ. ನಂತರದ ಗಾಡಿಗಳಲ್ಲಿ ಎರಡು ಕೋಣೆಯ ಸಿಲಿಂಡರ್ ಬಂತು. ಮುಂದಿನದು ಸೋರಿದರೆ ಹಿಂದಿನದು ಹಿಡಿಯುತ್ತದೆ. ನಾವು ಮೊದಲ ಹಣ ಹಾಕಿದ್ದು ಇದಕ್ಕೆ.

ಎರಡನೆಯದು ಬೂಸ್ಟರ್. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಡಬ್ಬಿ ಇದು. ಗಾಳಿ ಹೀರುವ ಶಕ್ತಿಯಿಂದ ಕೆಲಸ ಮಾಡುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಆ ಹೀರುವಿಕೆ ತಾನಾಗಿ ಹುಟ್ಟುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಹುಟ್ಟುವುದಿಲ್ಲ, ಅದಕ್ಕೆ ಬೇರೆ ಪಂಪ್ ಬೇಕು. ಆಲ್ಟರ್ನೇಟರಿನ ಬೆನ್ನಿಗೇ ಪಂಪ್ ಕೂಡಿಸಿದ ಮಾದರಿ ಸಿಗುತ್ತದೆ. ಅದನ್ನೇ ತಂದೆವು. ಹಳೇ ಡೈನಮೋ ಹೋಗಿ ಆಲ್ಟರ್ನೇಟರ್ ಬಂದಂತಾಯಿತು, ದೀಪವೂ ಚುರುಕಾಯಿತು, ಬ್ರೇಕಿಗೆ ಪಂಪೂ ಸಿಕ್ಕಿತು.

ಇಲ್ಲೊಂದು ಎಚ್ಚರ. ಎಂಜಿನ್ ಬಂದ್ ಮಾಡಿದರೆ ಪಂಪ್ ನಿಲ್ಲುತ್ತದೆ. ಬೂಸ್ಟರಿನಲ್ಲಿ ಉಳಿದ ಬಲ ಒಂದೆರಡು ಸಲಕ್ಕೆ ಮುಗಿಯುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಬಿಡುವ ರೂಢಿ ನಮ್ಮ ಕಡೆ ಇದೆ. ಕೊಂಚಾವರಂ ಗುಡ್ಡದ ದಾರಿಯಲ್ಲಿ ಚೀಲ ಹೇರಿಕೊಂಡು ಹಾಗೆ ಇಳಿಯುವುದು ಎರಡು ರೂಪಾಯಿ ಡೀಸೆಲ್ಲಿಗೆ ಜೀವ ಅಡ ಇಟ್ಟಂತೆ.

ಲೋಹದ ಬ್ರೇಕ್ ಪೈಪುಗಳೆಲ್ಲ ಹೊಸವು. ಪಟ್ಟಣದ ಒಬ್ಬ ಮೆಕ್ಯಾನಿಕ್ ತುಕ್ಕು ತಿಂದ ಜಾಗಕ್ಕಷ್ಟೇ ತುಂಡು ಬೆಸೆದು ಕೊಡುತ್ತೇನೆ ಅಂದ. ಬೇಡವೆಂದೆವು. ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವ ಹೀರುತ್ತದೆ. ಹೀಗೆ ಹೀರಿದ ನೀರು ಪೈಪನ್ನು ಒಳಗಿನಿಂದ ತಿನ್ನುತ್ತದೆ, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ.

ಬ್ರೇಕಿಗೆ ಯಾಕೆ ಇಷ್ಟು ಮಾತು ಅಂದರೆ, ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಸಾಧಾರಣ ಬ್ರೇಕಿನ ಗಾಡಿ 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದಾಗ ಸುಮಾರು 12-13 ಮೀಟರಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. 80ರಲ್ಲಿ ಅದಕ್ಕೆ 50 ಮೀಟರ್ ಬೇಕು. ಎಮ್ಮೆ ಅಡ್ಡ ಬಂದದ್ದು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಇನ್ನೂ 22 ಮೀಟರ್ ಮುಂದೆ ಹೋಗಿರುತ್ತದೆ. ಸೇಡಂ-ಮಳಖೇಡ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಹೋಗುವವರು ಈ ಲೆಕ್ಕವನ್ನು ಮರೆಯಬಾರದು.

ಟೈರಿನ ಗುಂಡಿ ಮಾತ್ರ ನೋಡಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ನಮ್ಮ ಹಳೇ ಟೈರುಗಳಲ್ಲಿ ಗುಂಡಿ ಚೆನ್ನಾಗಿತ್ತು, ಆದರೆ ರಬ್ಬರ್ ಮಾಗಿದ ಬದನೆಯಂತೆ ಬಿರಿದಿತ್ತು. ಐದನ್ನೂ ಬದಲಿಸಿದೆವು.

ನಮ್ಮ ನೀರು, ನಮ್ಮ ಧೂಳು

ನಮ್ಮ ನೆಲದಡಿ ಸುಣ್ಣದ ಕಲ್ಲು. ಅದಕ್ಕೇ ಶಹಾಬಾದ್, ವಾಡಿ, ಮಳಖೇಡ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆ ಬಂದವು. ಅದೇ ಸುಣ್ಣ ನಮ್ಮ ಬೋರಿನ ನೀರಿನಲ್ಲೂ ಇದೆ. ಚಹಾ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಮನೆಯಲ್ಲಿ ನೋಡಿಯೇ ಇರುತ್ತೀರಿ. ಬೋರಿನ ನೀರು ಹಾಕಿದ ರೇಡಿಯೇಟರಿನ ಕೊಳವೆಯೊಳಗೂ ಅದೇ ಪದರ. ನಮ್ಮ ರೇಡಿಯೇಟರ್ ಬಿಚ್ಚಿದಾಗ ಕೊಳವೆಗಳಲ್ಲಿ ಅರ್ಧದಷ್ಟು ಪೂರ್ತಿ ಮುಚ್ಚಿದ್ದವು. ಮೇ ತಿಂಗಳ ಬಿಸಿಲಲ್ಲಿ ಎಂಜಿನ್ ಕುದಿಯುತ್ತಿದ್ದುದಕ್ಕೆ ಕಾರಣ ಅಲ್ಲಿತ್ತು.

ಎಂಜಿನ್ ಕುದಿಯುತ್ತದೆ ಎಂದು ತಕ್ಷಣ ಬೋರ್ ಕೆಲಸಕ್ಕೆ ಹೋಗಬೇಡಿ. ಮೊದಲು ರೇಡಿಯೇಟರ್ ಬಿಚ್ಚಿಸಿ ರಾಡ್ ಹಾಯಿಸಿ ತೊಳೆಸಿ. ಆಮೇಲೆ ಬ್ಯಾಟರಿಗೆ ಹಾಕುವಂಥ ಶುದ್ಧ ನೀರು ಅಥವಾ ಸೋಸಿದ ಮಳೆನೀರಿಗೆ ಕೂಲೆಂಟ್ ಬೆರೆಸಿ ಹಾಕಿ. ಮಾಳಿಗೆಯ ಮೊದಲ ಮಳೆಯ ನೀರು ಬಿಟ್ಟು, ಎರಡನೇ ಮಳೆಯದ್ದು ಎರಡು ಕೊಡ ಹಿಡಿದಿಟ್ಟರೆ ವರ್ಷಕ್ಕೆ ಸಾಕು.

ಧೂಳಿನದು ಇನ್ನೊಂದು ಕಥೆ. ಕಲ್ಲಿನ ಖಣಿ, ಕಾರ್ಖಾನೆ, ಕರಿ ಮಣ್ಣಿನ ಹೊಲ, ಮೂರೂ ಕಡೆ ಧೂಳು. ಗಾಳಿಯ ಸೋಸುಕದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದ್ದರೆ ಸೋಸುಕ ಇದ್ದೂ ಇಲ್ಲದಂತೆ. ಆ ಬಿರುಕಿನಿಂದ ಹೊಕ್ಕ ಧೂಳು ಪಿಸ್ಟನ್ ರಿಂಗನ್ನು ಅರೆಯುತ್ತದೆ. ನಾವು ಹಳೇ ಎಣ್ಣೆತೊಟ್ಟಿಯ ಸೋಸುಕವನ್ನೇ ಉಳಿಸಿಕೊಂಡೆವು. ತೊಗರಿ ರಾಶಿಯ ಕಾಲದಲ್ಲಿ ವಾರಕ್ಕೊಮ್ಮೆ ಅದರ ಎಣ್ಣೆ ನೋಡುತ್ತೇವೆ, ತಳದಲ್ಲಿ ಕೆಸರು ಕಂಡರೆ ಚೆಲ್ಲಿ ಹೊಸದು.

ಮಳೆಗಾಲದಲ್ಲಿ ಕಾಗಿಣಾ ಉಕ್ಕಿ ಮಳಖೇಡದ ಸೇತುವೆ ಮುಳುಗುವುದು ನಮಗೆ ಹೊಸದಲ್ಲ. ನೀರು ಹರಿಯುವ ಸೇತುವೆ ದಾಟಲೇಬೇಡಿ. ಆದರೆ ಹಳ್ಳದ ಮೊಣಕಾಲುದ್ದ ನೀರಿನಲ್ಲಿ ದಾಟಿದ್ದರೂ ಮರುದಿನ ಗೇರ್‌ಪೆಟ್ಟಿಗೆ ಮತ್ತು ಹಿಂದಿನ ಗಡ್ಡೆಯ ಎಣ್ಣೆ ಒಂದು ಹನಿ ತೆಗೆದು ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ. ಅಂದೇ ಬದಲಿಸಿ.

ತೊಟ್ಟಿಯ ತಳ ತಿಂದದ್ದು ಮಳೆಗಿಂತ ಹೆಚ್ಚಾಗಿ ರಸಗೊಬ್ಬರ. ಚೀಲದಿಂದ ಉದುರಿದ ಯೂರಿಯಾ, ಡಿಎಪಿ ಇಬ್ಬನಿಗೆ ಕರಗಿ ತಗಡಿನ ಸಂದಿಯಲ್ಲಿ ಕೂತು ಕಬ್ಬಿಣ ತಿನ್ನುತ್ತದೆ. ಹೊಸ ತಗಡು ಬೆಸೆದು, ಸತುವಿನ ಪ್ರೈಮರ್ ಹಚ್ಚಿ, ಮೇಲೆ ಹಲಗೆ ಹಾಸಿದ್ದೇವೆ. ಹಲಗೆ ಎತ್ತಿ ತೊಳೆಯಲು ಬರುತ್ತದೆ. ಗೊಬ್ಬರ ಹೇರಿದ ದಿನ ಸಂಜೆ ನಾಲ್ಕು ಕೊಡ ನೀರು ಹೊಡೆಯುವುದು ಈಗ ಮನೆಯ ಹುಡುಗಿಯರ ಆಟ.

ಎಂಜಿನ್: ಬದಲಿಸಲೋ, ಉಳಿಸಲೋ?

ಕಾನೂನಿನ ಮಾತು ಮೇಲೆ ಹೇಳಿದೆ. ಅದನ್ನು ಬಿಟ್ಟರೂ ಎಂಜಿನ್ ಒಂದನ್ನೇ ದೊಡ್ಡದು ಮಾಡಿದರೆ ಕೆಲಸ ಮುಗಿಯುವುದಿಲ್ಲ. ಹೆಚ್ಚಿನ ಬಲ ಕ್ಲಚ್ಚಿಗೆ ಹೋಗುತ್ತದೆ, ಅಲ್ಲಿಂದ ಗೇರಿಗೆ, ಉದ್ದನೆಯ ಶಾಫ್ಟಿಗೆ, ಹಿಂದಿನ ಗಡ್ಡೆಗೆ, ಗಾಲಿಯ ಆಕ್ಸಲಿಗೆ. ಈ ಸರಪಳಿಯಲ್ಲಿ ಯಾವ ಕೊಂಡಿ ಸಣ್ಣದೋ ಅದು ಮುರಿಯುತ್ತದೆ. ಸಣ್ಣ ನೊಗಕ್ಕೆ ಆನೆ ಹೂಡಿದರೆ ನೊಗ ಉಳಿದೀತೇ?

ನಾವು ಇದ್ದ ಎಂಜಿನ್ ಬಿಚ್ಚಿದೆವು. ಸಿಲಿಂಡರ್ ಕೆಲಸ, ಹೊಸ ಪಿಸ್ಟನ್, ರಿಂಗ್, ಬೇರಿಂಗ್, ವಾಲ್ವ್ ಅರೆಯುವುದು, ಹೆಡ್ ಸಮ ಮಾಡುವುದು. ಡೀಸೆಲ್ ಪಂಪು ಮತ್ತು ನಾಝಲ್ ಮಾತ್ರ ಊರಿನಲ್ಲಿ ಮಾಡಿಸಲಿಲ್ಲ. ಅಳತೆ ಯಂತ್ರವಿರುವ ಕಡೆಗೇ ಒಯ್ದೆವು. ನಾಲ್ಕು ಸಿಲಿಂಡರಿಗೂ ಒಂದೇ ಸಮ ಡೀಸೆಲ್ ಹೋಗಬೇಕು, ಸರಿಯಾದ ಒತ್ತಡದಲ್ಲಿ ಸಿಂಪರಣೆಯಾಗಬೇಕು. ಬೆಳೆಗೆ ಔಷಧ ಹೊಡೆಯುವ ನಾಝಲ್ ಹನಿ ಹನಿ ಸುರಿದರೆ ಏನಾಗುತ್ತದೋ ಇಲ್ಲೂ ಅದೇ: ಖರ್ಚು ಹೆಚ್ಚು, ಕೆಲಸ ಕಡಿಮೆ, ಕರಿ ಹೊಗೆ. ಚಳಿಗಾಲದ ಬೆಳಿಗ್ಗೆ ತಳ್ಳಿ ಚಾಲೂ ಮಾಡುವ ಕಷ್ಟ ನಾಲ್ಕು ಹೀಟರ್ ಪ್ಲಗ್ ಬದಲಿಸಿದ್ದಕ್ಕೇ ಹೋಯಿತು.

ಓಟದ ಎತ್ತು, ಜಗ್ಗುವ ಎತ್ತು

ಖಿಲಾರಿ ಎತ್ತು ಓಟಕ್ಕೆ. ಕೃಷ್ಣಾವ್ಯಾಲಿ ಎತ್ತು ಕರಿ ಮಣ್ಣಿನ ಭಾರಕ್ಕೆ. ಒಂದೇ ಎತ್ತು ಎರಡರಲ್ಲೂ ಮೊದಲು ಬರುವುದಿಲ್ಲ. ಗಾಡಿಯಲ್ಲಿ ಈ ತಳಿಭೇದ ಇರುವುದು ಹಿಂದಿನ ಗಡ್ಡೆಯ ಹಲ್ಲಿನಲ್ಲಿ.

ನಮ್ಮ ಗಡ್ಡೆಯಲ್ಲಿ ದೊಡ್ಡ ಚಕ್ರಕ್ಕೆ 43 ಹಲ್ಲು, ಸಣ್ಣದಕ್ಕೆ 8. ಭಾಗಿಸಿದರೆ 5.38. ಅಂದರೆ ಶಾಫ್ಟ್ 5.38 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ನಮ್ಮ ಟೈರ್ ಒಂದು ಸುತ್ತಿಗೆ 2.25 ಮೀಟರ್ ಹೋಗುತ್ತದೆ. ಸೀಮೆಸುಣ್ಣದ ಗುರುತು ಹಾಕಿ ಅಳೆದದ್ದು. ಮೇಲಿನ ಗೇರಿನಲ್ಲಿ ಎಂಜಿನ್ ಮಿನಿಟಿಗೆ 3000 ಸುತ್ತು ಹಾಕಿದಾಗ ವೇಗ ಎಷ್ಟು? 3000ವನ್ನು 5.38ರಿಂದ ಭಾಗಿಸಿ, 2.25ರಿಂದ ಗುಣಿಸಿ, 60ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. ಗಂಟೆಗೆ ಸುಮಾರು 75 ಕಿ.ಮೀ. ಹಲ್ಲಿನ ಪ್ರಮಾಣ 4.88 ಆದರೆ 83, 4.27 ಆದರೆ 95.

ಹುಡುಗನಿಗೆ 4.27 ಬೇಕಿತ್ತು. “ಇಪ್ಪತ್ತು ಕಿಲೋಮೀಟರ್ ಪುಕ್ಕಟೆ ಸಿಗ್ತದ ಕಾಕಾ!” ಪುಕ್ಕಟೆ ಏನೂ ಸಿಗುವುದಿಲ್ಲ. ವೇಗ ಎಷ್ಟು ಏರಿತೋ ಗಾಲಿಯ ಜಗ್ಗುವ ಬಲ ಅಷ್ಟೇ ಲೆಕ್ಕದಲ್ಲಿ ಇಳಿಯುತ್ತದೆ. 5.38ರಿಂದ 4.27ಕ್ಕೆ ಬಂದರೆ ಐದರಲ್ಲಿ ಒಂದು ಪಾಲು ಜಗ್ಗು ಹೋದಂತೆ. ಹತ್ತು ಚೀಲ ಎಳೆಯುತ್ತಿದ್ದದ್ದು ಎಂಟು ಚೀಲಕ್ಕೆ ಉಸ್ಸೆನ್ನುತ್ತದೆ. ಹಸಿ ಕರಿ ಮಣ್ಣಿನ ಬಂಡಿದಾರಿಯಲ್ಲಿ ಕ್ಲಚ್ ಸುಟ್ಟ ವಾಸನೆ ಬರುವುದು ಆಗಲೇ. ನಾವು 5.38 ಉಳಿಸಿಕೊಂಡೆವು. ಹೆದ್ದಾರಿಯಲ್ಲೇ ಹೆಚ್ಚು ಓಡಾಟ, ಹೊಲದ ದಾರಿ ಕಡಿಮೆ ಎನ್ನುವವರಿಗೆ 4.88 ನಡುವಿನ ದಾರಿ.

402 ಮೀಟರ್

ಈಗ ರೇಸಿನ ಮಾತು. ಡ್ರ್ಯಾಗ್ ರೇಸ್ ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರನ್ನು ಯಾರು ಮೊದಲು ಮುಟ್ಟುತ್ತಾರೆ ಎಂಬ ಪಂದ್ಯ. ಜಾತ್ರೆಯಲ್ಲಿ ಕಲ್ಲು ಜಗ್ಗುವ ಎತ್ತುಗಳನ್ನು ನೋಡಿದವರಿಗೆ ಇದರ ಗೀಳು ಅರ್ಥವಾಗುತ್ತದೆ. ಅಮೆರಿಕದಲ್ಲೂ ಮೊದಲು ಹುಡುಗರು ರಾತ್ರಿ ರಸ್ತೆಯಲ್ಲೇ ಓಡಿಸಿ ಸಾಯುತ್ತಿದ್ದರು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ಎನ್‌ಎಚ್‌ಆರ್‌ಎ ಸಂಸ್ಥೆ ಕಟ್ಟಿ, ಓಟವನ್ನು ರಸ್ತೆಯಿಂದ ಎತ್ತಿ ಕಾವಲಿನ ಟ್ರ್ಯಾಕಿಗೆ ತಂದರು. ನಮ್ಮ ದೇಶದಲ್ಲಿ ಹಿಂದೆ ಚೆನ್ನೈ ಹತ್ತಿರದ ಶೋಳಾವರಂನ ಯುದ್ಧಕಾಲದ ವಿಮಾನಪಟ್ಟಿಯಲ್ಲಿ ಮೋಟಾರು ಓಟಗಳು ನಡೆಯುತ್ತಿದ್ದವು. ಆಮೇಲೆ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ, ಪುಣೆ ಕಡೆಯ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ಡ್ರ್ಯಾಗ್ ಓಟಗಳು ನಡೆದಿವೆ.

ರಸ್ತೆಯಲ್ಲಿ ಪೈಪೋಟಿ ಮಾಡುವುದು ಅಪರಾಧ. ಮೋಟಾರು ಕಾಯ್ದೆಯ 189ನೇ ಕಲಂ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಆದರೆ ಹುಡುಗರು ಕಲಂ ಕೇಳುವುದಿಲ್ಲ, ಲೆಕ್ಕ ಕೇಳುತ್ತಾರೆ. ಅದಕ್ಕೆ ಲೆಕ್ಕವನ್ನೇ ಕೊಟ್ಟೆ.

ಕಾಲು ಮೈಲಿಗೆ ಹಿಡಿಯುವ ಸಮಯ ತೂಕವನ್ನು ಶಕ್ತಿಯಿಂದ ಭಾಗಿಸಿದ ಉತ್ತರದ ಘನಮೂಲದ ಲೆಕ್ಕದಲ್ಲಿ ಏರಿಳಿಯುತ್ತದೆ. ಒಂದೂವರೆ ಟನ್ನಿನ, 60 ಅಶ್ವಶಕ್ತಿ ಆಸುಪಾಸಿನ ಜೀಪಿಗೆ ಅದು ಸುಮಾರು 22 ಸೆಕೆಂಡು. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ? 11 ಆಗುವುದಿಲ್ಲ, ಸುಮಾರು ಹದಿನೇಳೂವರೆ ಆಗುತ್ತದೆ. ಲಕ್ಷಗಟ್ಟಲೆ ಸುರಿದು ಸಿಕ್ಕದ್ದು ನಾಲ್ಕೂವರೆ ಸೆಕೆಂಡು. ಅದೇ ಗಾಡಿಯಿಂದ ಬೇಡದ ಕಬ್ಬಿಣ 300 ಕಿಲೋ ಇಳಿಸಿದರೆ ಒಂದೂವರೆ ಸೆಕೆಂಡು ಪುಕ್ಕಟೆ ಸಿಗುತ್ತದೆ.

2025ರ ಬೇಸಿಗೆಯಲ್ಲಿ ಬಂದ್ ಆದ ಒಂದು ಪರಸಿ ಖಣಿಯ ಗಟ್ಟಿ ದಾರಿಯಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಎರಡೂ ತುದಿಗೆ ಜನ ನಿಲ್ಲಿಸಿ, ಹಗ್ಗದಿಂದ 402 ಮೀಟರ್ ಅಳೆದೆವು. ಹುಡುಗನಿಗೆ ಹೆಲ್ಮೆಟ್, ಸೀಟ್ ಬೆಲ್ಟ್. ಖಾಲಿ ಗಾಡಿಗೆ 25 ಸೆಕೆಂಡು. ಹತ್ತು ಚೀಲ, ಅಂದರೆ ಐದು ಕ್ವಿಂಟಲ್ ತೊಗರಿ ಹೇರಿ ಓಡಿಸಿದರೆ 28. “ಮೂರೇ ಸೆಕೆಂಡು ಫರಕ?” ಅಂದ. ಐದು ಕ್ವಿಂಟಲ್ ಹೊತ್ತೂ ಮೂರೇ ಸೆಕೆಂಡು ಹಿಂದೆ ಬಿದ್ದ ಗಾಡಿಯನ್ನು ಅವತ್ತಿನಿಂದ ಅವನು ಬೇರೆ ಕಣ್ಣಿನಿಂದ ನೋಡುತ್ತಾನೆ.

ಆ ದಿನ ಎಲ್ಲರೂ ಗಮನಿಸಿದ ಇನ್ನೊಂದು ಸಂಗತಿ: ಗೆರೆ ದಾಟಿದ ಮೇಲೆ ನಿಲ್ಲಲು ಬೇಕಾದ ಜಾಗ. ಸರಿಯಾದ ಡ್ರ್ಯಾಗ್ ಟ್ರ್ಯಾಕುಗಳಲ್ಲಿ ಗೆರೆಯ ಆಚೆ ನಿಲ್ಲುವುದಕ್ಕೇ ಉದ್ದನೆಯ ದಾರಿ ಬಿಟ್ಟಿರುತ್ತಾರೆ. ಸೇಡಂ ರಸ್ತೆಯಲ್ಲಿ ಅದನ್ನು ಯಾರು ಬಿಟ್ಟಿದ್ದಾರೆ? ಅಲ್ಲಿ ಗೆರೆಯ ಆಚೆ ಬಂಡಿ ಇರುತ್ತದೆ, ಶಾಲೆಯ ಮಕ್ಕಳಿರುತ್ತಾರೆ.

ಖರ್ಚಿನ ಲೆಕ್ಕ

2023ರಿಂದ 2025ರವರೆಗೆ, ಕೈಯಲ್ಲಿ ದುಡ್ಡು ಇದ್ದಾಗಷ್ಟೇ ಮಾಡಿದ ಖರ್ಚು ಇದು.

ಬ್ರೇಕ್, ಬೂಸ್ಟರ್, ಪಂಪ್ ಇರುವ ಆಲ್ಟರ್ನೇಟರ್: 24,000
ಟೈರ್ ಐದು: 27,000
ಸ್ಟೀರಿಂಗ್, ಕಮಾನು ಪಟ್ಟಿ, ಬುಷ್: 18,500
ರೇಡಿಯೇಟರ್: 9,500
ಎಂಜಿನ್, ಡೀಸೆಲ್ ಪಂಪ್, ನಾಝಲ್: 58,000
ವೈರಿಂಗ್, ದೀಪ, ಬ್ಯಾಟರಿ: 16,000
ತೊಟ್ಟಿ, ತಗಡು, ಬಣ್ಣ: 26,000
ಕಾಗದ, ತೆರಿಗೆ, ವಿಮೆ: 17,000
ಒಟ್ಟು: 1,96,000 ರೂಪಾಯಿ.

ಬಿಚ್ಚುವ, ತುಕ್ಕು ಕೆರೆಯುವ, ಬಣ್ಣ ಹಚ್ಚುವ ಕೆಲಸ ಮನೆಯವರದೇ. ಅದಕ್ಕೆ ಕೂಲಿ ಹಿಡಿದಿಲ್ಲ. ಹುಡುಗ ಭಾನುವಾರಗಳನ್ನೆಲ್ಲ ಇದಕ್ಕೇ ಕೊಟ್ಟ. ಈಗ ಊರಿನ ಇನ್ನೆರಡು ಹಳೇ ಗಾಡಿಗಳ ವೈರಿಂಗ್ ಅವನ ಕೈಯಲ್ಲಿದೆ. ರೇಸಿನ ಆಸೆ ಬಿಟ್ಟಿಲ್ಲ, ಬಿಡಬೇಕೆಂದು ನಾನೂ ಹೇಳುವುದಿಲ್ಲ. ಅದಕ್ಕೆ ಬೇರೆ ಗಾಡಿ, ಬೇರೆ ದುಡ್ಡು, ಸರಿಯಾದ ಟ್ರ್ಯಾಕು ಎಂಬ ಒಪ್ಪಂದವಾಗಿದೆ.

ಎಲ್ಲ ಹಳೇ ಗಾಡಿಗೂ ಇಷ್ಟು ದುಡ್ಡು ಹಾಕಬೇಕೆಂದಲ್ಲ. ಚಾಸಿಯನ್ನು ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಟಣ್ ಎಂದರೆ ಒಳ್ಳೆಯದು. ಬಡ್ ಎಂದು ಸದ್ದು ಬಂದು ತುಕ್ಕಿನ ಪದರ ಉದುರಿದರೆ, ಅಥವಾ ಚಾಸಿಯಲ್ಲಿ ಬಿರುಕಿದ್ದರೆ, ಅಥವಾ ಕಾಗದ ಕೂಡದಿದ್ದರೆ ಕೈ ಬಿಡಿ. ಆಗಲೂ ಬೀದಿಯ ಗುಜರಿಗೆ ಕೊಡಬೇಡಿ. ನೋಂದಾಯಿತ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಂಡು ಆರ್‌ಸಿ ರದ್ದು ಮಾಡಿಸಿ. ನಿಮ್ಮ ನಂಬರ್ ಹಚ್ಚಿಕೊಂಡ ಇನ್ನಾವುದೋ ಗಾಡಿ ಎಲ್ಲೋ ಅಪಘಾತ ಮಾಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೇ.

ಚಾಸಿ ಗಟ್ಟಿ, ಕಾಗದ ಸರಿ ಇದ್ದರೆ ಮಾತ್ರ ಗುಜರಿಯವನಿಗೆ ಸ್ವಲ್ಪ ಕಾಯಲು ಹೇಳಿ. ಈ ವರ್ಷ ಬ್ರೇಕ್ ಮತ್ತು ಟೈರ್, ಬರುವ ವರ್ಷ ಎಂಜಿನ್, ಬಣ್ಣ ಎಲ್ಲಕ್ಕಿಂತ ಕೊನೆಗೆ. ಬಣ್ಣವಿಲ್ಲದ ಗಾಡಿಯಲ್ಲೂ ತೊಗರಿ ಮಾರುಕಟ್ಟೆ ಮುಟ್ಟುತ್ತದೆ. ಬ್ರೇಕಿಲ್ಲದ ಗಾಡಿಯಲ್ಲಿ ಮುಟ್ಟುತ್ತದೆಂದು ಯಾರು ಹೇಳಬೇಕು?